ಒಳಗೆ ಯಾರೂ ಇಲ್ಲದ ನೌಕೆಯನ್ನು ಓಡಿಸುವುದು ಹೇಗೆ?

ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಕಂಪ್ಯೂಟರ್ ಆಟದಲ್ಲಿ ಹೊಸಬರನ್ನು ತುಂಬಾ ಕಾಡುವ ಒಂದು ಗಳಿಗೆ ಇದೆ. ಪ್ರೋಬ್ ಒಂದು, ಅಂದರೆ ಪೈಲಟ್ ಇಲ್ಲದ ನೌಕೆ, ಮುನ್ ಎಂಬ ಚಂದ್ರನ ಹತ್ತಿರ ತಲುಪಿರುತ್ತದೆ. ಟ್ಯಾಂಕಿನಲ್ಲಿ ಇಂಧನ ಇದೆ. ಎಂಜಿನ್ ಸರಿಯಾಗಿದೆ. ಈಗ ಎಂಜಿನ್ ಉರಿಸಿ ವೇಗ ತಗ್ಗಿಸಬೇಕು. ಆದರೆ ಕೀ ಒತ್ತಿದರೆ ನೌಕೆ ಸರಿಯಾಗಿ ಮಾತು ಕೇಳುವುದಿಲ್ಲ. ಪರದೆಯ ಮೂಲೆಯಲ್ಲಿ ಸಿಗ್ನಲ್ ಇಲ್ಲ ಎಂಬ ಕೆಂಪು ಗುರುತು ಮಾತ್ರ ಕಾಣುತ್ತದೆ. ನೌಕೆ ನೋಡನೋಡುತ್ತಿದ್ದಂತೆ ಚಂದ್ರನನ್ನು ದಾಟಿ ಹೋಗಿಬಿಡುತ್ತದೆ.

ಯಾಕೆ ಹೀಗಾಗುತ್ತದೆ? ಉತ್ತರ ಸಣ್ಣದಲ್ಲ. ಸಿಗ್ನಲ್, ಕರೆಂಟು, ಕಕ್ಷೆಯ ಲೆಕ್ಕ, ಬೆಳಕಿನ ವೇಗ ಎಲ್ಲವೂ ಅದರಲ್ಲಿ ಸೇರಿಕೊಂಡಿವೆ. ನನ್ನ ಪ್ರಕಾರ ಈ ಆಟ ಕಲಿಸುವ ಅತ್ಯಂತ ಬೆಲೆಬಾಳುವ ಪಾಠ ಇದೇ. ಪ್ರೋಬ್ ಓಡಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಕೀಬೋರ್ಡ್ ಮುಟ್ಟುವ ಮೊದಲೇ ಮುಗಿದಿರಬೇಕು. ನೌಕೆ ದೂರ ಹೋದಷ್ಟೂ ಈ ಪಾಲು ಜಾಸ್ತಿಯಾಗುತ್ತಾ ಹೋಗುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದನ್ನು ಮಾಡಿದ್ದು ಮೆಕ್ಸಿಕೋ ಸಿಟಿಯ ಸ್ಕ್ವಾಡ್ ಎಂಬ ಕಂಪನಿ. ಮೊದಲ ಆವೃತ್ತಿ 2011ರಲ್ಲಿ ಬಂತು, ಪೂರ್ತಿ ತಯಾರಾದ 1.0 ಆವೃತ್ತಿ 2015ರಲ್ಲಿ ಬಂತು. ಇದರಲ್ಲಿ ಭೂಮಿಯ ಬದಲು ಕರ್ಬಿನ್ ಎಂಬ ಗ್ರಹವಿದೆ. ಅದಕ್ಕೆ ಮುನ್ ಮತ್ತು ಮಿನ್ಮಸ್ ಎಂಬ ಎರಡು ಚಂದ್ರರು. ಮಂಗಳದ ಜಾಗದಲ್ಲಿ ಡ್ಯೂನಾ, ಗುರುವಿನ ಜಾಗದಲ್ಲಿ ಜೂಲ್. ಎಲ್ಲವೂ ನಿಜದ ಸೌರವ್ಯೂಹಕ್ಕಿಂತ ಚಿಕ್ಕವು. ಕರ್ಬಿನ್‌ನ ತ್ರಿಜ್ಯ ಬರೀ 600 ಕಿಲೋಮೀಟರ್, ಅಂದರೆ ಭೂಮಿಯ ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ. ಆದರೆ ಕಕ್ಷೆಯ ನಿಯಮಗಳು ಬಹುಪಾಲು ನಿಜದವೇ. ರಾಕೆಟ್ ಭಾಗಗಳನ್ನು ಜೋಡಿಸಿ, ಹಾರಿಸಿ, ಕಕ್ಷೆ ಸೇರಿಸುವುದು ನಮ್ಮ ಕೆಲಸ.

ಮೊದಲೆಲ್ಲ ಸಿಗ್ನಲ್ ಎಂಬ ತಲೆನೋವು ಆಟದಲ್ಲಿ ಇರಲಿಲ್ಲ. ಪ್ರೋಬ್ ಎಲ್ಲೇ ಇರಲಿ, ಕೀ ಒತ್ತಿದರೆ ಮಾತು ಕೇಳುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಬಂದ 1.2 ಆವೃತ್ತಿ ಇದನ್ನು ಬದಲಿಸಿತು. ಕಾಮ್‌ನೆಟ್ ಎಂಬ ವ್ಯವಸ್ಥೆ ಸೇರಿತು. ಅಂದಿನಿಂದ ಪ್ರೋಬ್‌ಗೆ ನೆಲದ ಜೊತೆ ಸಂಪರ್ಕ ಇದ್ದರೆ ಮಾತ್ರ ಪೂರ್ತಿ ಹಿಡಿತ.

ಮೆದುಳು ಮತ್ತು ಕರೆಂಟು

ನೌಕೆಯಲ್ಲಿ ಪೈಲಟ್ ಇದ್ದರೆ ಅವನೇ ನೌಕೆಯ ಮೆದುಳು. ಪೈಲಟ್ ಇಲ್ಲದಿದ್ದರೆ ಪ್ರೋಬ್ ಕೋರ್ ಎಂಬ ಭಾಗ ಬೇಕು. ಆಟದ ಮೊದಲ ಪ್ರೋಬ್ ಕೋರ್‌ನ ಹೆಸರು ಸ್ಟೇಪುಟ್ನಿಕ್. 1957ರ ಸ್ಪುಟ್ನಿಕ್ ಹಾಗೆಯೇ ಗುಂಡಗಿದೆ. ಅದು ಆಜ್ಞೆ ಪಾಲಿಸುತ್ತದೆ, ಅಷ್ಟೇ. ನೌಕೆಯನ್ನು ತಾನಾಗಿ ಒಂದು ದಿಕ್ಕಿನಲ್ಲಿ ಅಲುಗಾಡದಂತೆ ಹಿಡಿಯುವುದು ಅದಕ್ಕೆ ಬರುವುದಿಲ್ಲ. ಆಮೇಲೆ ಸಿಗುವ ಆಕ್ಟೋ ಎಂಬ ಕೋರ್ ದಿಕ್ಕು ಹಿಡಿದಿಡುತ್ತದೆ. ಹೆಕ್ಸ್ ಕೋರ್ ನೌಕೆ ಸಾಗುವ ದಿಕ್ಕಿಗೋ ಅದರ ವಿರುದ್ಧ ದಿಕ್ಕಿಗೋ ತಾನೇ ತಿರುಗಿ ನಿಲ್ಲುತ್ತದೆ. ಇದು ಸಣ್ಣ ಅನುಕೂಲದಂತೆ ಕಾಣಬಹುದು. ಮುಂದೆ ಸಿಗ್ನಲ್ ಕಡಿದಾಗ ಇದರ ಬೆಲೆ ಗೊತ್ತಾಗುತ್ತದೆ.

ಈ ಮೆದುಳಿಗೆ ಕರೆಂಟು ಬೇಕೇ ಬೇಕು. ಸುಮ್ನೆ ಕೂತಿದ್ದರೂ ಅದು ಬ್ಯಾಟರಿಯನ್ನು ಸ್ವಲ್ಪ ಸ್ವಲ್ಪ ತಿನ್ನುತ್ತಿರುತ್ತದೆ. ಬ್ಯಾಟರಿ ಬರಿದಾದರೆ ಪ್ರೋಬ್ ಆಜ್ಞೆ ಕೇಳುವುದಿಲ್ಲ. ಸೋಲಾರ್ ಪ್ಯಾನೆಲ್ ಇದ್ದರೂ ಅದು ಮಡಚಿಕೊಂಡಿದ್ದರೆ ಬಿಡಿಸು ಎಂದು ಹೇಳುವುದಕ್ಕೂ ಆಗುವುದಿಲ್ಲ, ಯಾಕೆಂದರೆ ಆ ಆಜ್ಞೆ ಪಾಲಿಸಲೂ ಕರೆಂಟು ಬೇಕಲ್ವಾ? ಅದಕ್ಕೇ ಅನುಭವಿಗಳು ಮಡಚದ ಚಿಕ್ಕ ಸೋಲಾರ್ ತುಂಡು ಒಂದೆರಡನ್ನು ನೌಕೆಯ ಮೈಗೆ ಅಂಟಿಸಿರುತ್ತಾರೆ. ಎಲ್ಲವೂ ಕೈಕೊಟ್ಟರೂ ಬಿಸಿಲು ಬಿದ್ದಾಗ ಪ್ರೋಬ್ ಮತ್ತೆ ಎಚ್ಚರಗೊಳ್ಳುತ್ತದೆ.

ನೆರಳಿನ ಲೆಕ್ಕವನ್ನೂ ಹಾಕಬೇಕು. ನೌಕೆ ಗ್ರಹದ ಕತ್ತಲ ಬದಿಗೆ ಹೋದಾಗ ಬ್ಯಾಟರಿಯೇ ಗತಿ. ಇದು ಆಟದ ಚಿಂತೆ ಮಾತ್ರವಲ್ಲ. ನಮ್ಮ ಮಂಗಳಯಾನದ ಕಥೆ ಕೊನೆಯಾದದ್ದೂ ಹೀಗೇ. ಆರು ತಿಂಗಳಿಗೆಂದು ಮಾಡಿದ ನೌಕೆ ಏಳು ವರ್ಷಕ್ಕೂ ಹೆಚ್ಚು ಕಾಲ ಬಾಳಿತು. 2022ರ ಏಪ್ರಿಲ್‌ನಲ್ಲಿ ಬಂದ ದೀರ್ಘ ಗ್ರಹಣದ ನಂತರ ಅದರ ಸಂಪರ್ಕ ಕಡಿಯಿತು. ಅದನ್ನು ಮತ್ತೆ ಎಚ್ಚರಿಸಲು ಸಾಧ್ಯವಿಲ್ಲ ಎಂದು ಇಸ್ರೋ ಆ ವರ್ಷದ ಅಕ್ಟೋಬರ್‌ನಲ್ಲಿ ಹೇಳಿತು.

ಇನ್ನೊಂದು ಲೆಕ್ಕ. ಸೂರ್ಯನಿಂದ ದೂರ ಹೋದಂತೆ ಬಿಸಿಲು ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಜೂಲ್ ಗ್ರಹ ಕರ್ಬಿನ್‌ಗಿಂತ ಸುಮಾರು ಐದು ಪಟ್ಟು ದೂರದಲ್ಲಿದೆ. ಅಲ್ಲಿ ಸೋಲಾರ್ ಪ್ಯಾನೆಲ್ ಕೊಡುವುದು ಇಲ್ಲಿನ ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ. ಹಾಗಾಗಿ ಅಲ್ಲಿಗೆ ಹೋಗುವವರು ಸಾಮಾನ್ಯವಾಗಿ ಅಣು ಬ್ಯಾಟರಿ ಜೋಡಿಸುತ್ತಾರೆ.

ಎಷ್ಟು ದೂರ ಕೇಳಿಸುತ್ತದೆ?

ಕರೆಂಟು ಇದೆ ಎಂದುಕೊಳ್ಳೋಣ. ಮುಂದಿನ ಪ್ರಶ್ನೆ ಸಿಗ್ನಲ್ ತಲುಪುತ್ತದೆಯೇ ಎಂಬುದು. ಇದಕ್ಕೆ ಎರಡು ಷರತ್ತುಗಳಿವೆ. ನಡುವೆ ಗ್ರಹವೋ ಚಂದ್ರನೋ ಅಡ್ಡ ಬರಬಾರದು. ಮತ್ತೆ ದೂರ ಮಿತಿಯೊಳಗಿರಬೇಕು.

ದೂರದ ಮಿತಿ ಒಂದೇ ಆಂಟೆನಾದಿಂದ ನಿರ್ಧಾರವಾಗುವುದಿಲ್ಲ. ಎರಡೂ ತುದಿಯ ಆಂಟೆನಾ ಲೆಕ್ಕಕ್ಕೆ ಬರುತ್ತವೆ. ಕಿವಿ ಚುರುಕಿರುವವರ ಜೊತೆ ಮೆಲ್ಲಗೆ ಮಾತಾಡಿದರೂ ಸಾಕು, ಕಿವಿ ಮಂದವಾದ ಅಜ್ಜನ ಜೊತೆ ಕೂಗಿ ಮಾತಾಡಬೇಕು. ಹಾಗೆಯೇ ಪ್ರೋಬ್‌ನ ಆಂಟೆನಾ ಚಿಕ್ಕದಾದರೂ ನೆಲದ ಕೇಂದ್ರ ಬಲವಾಗಿದ್ದರೆ ಸಂಪರ್ಕ ಸಿಗುತ್ತದೆ.

ಆಟದಲ್ಲಿ ಪ್ರತಿ ಆಂಟೆನಾಗೂ ಒಂದು ಶಕ್ತಿಯ ಅಂಕಿ ಇದೆ. ಎರಡು ತುದಿಯ ಅಂಕಿಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ಗರಿಷ್ಠ ದೂರ ಮೀಟರ್‌ನಲ್ಲಿ ಸಿಗುತ್ತದೆ. ಒಂದು ಉದಾಹರಣೆ ಮಾಡಿ ನೋಡೋಣ. ಕಮ್ಯುನೋಟ್ರಾನ್ 16 ಎಂಬ ಕಡ್ಡಿಯಂಥ ಆಂಟೆನಾದ ಅಂಕಿ 5 ಲಕ್ಷ. ನೆಲದಲ್ಲಿರುವ ಟ್ರ್ಯಾಕಿಂಗ್ ಸ್ಟೇಷನ್ ಮೊದಲ ಹಂತದಲ್ಲಿದ್ದಾಗ ಅದರ ಅಂಕಿ 200 ಕೋಟಿ. ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 3 ಕೋಟಿ 16 ಲಕ್ಷ ಮೀಟರ್, ಅಂದರೆ 31,600 ಕಿಲೋಮೀಟರ್. ಮುನ್ ಇರುವುದು 12,000 ಕಿಲೋಮೀಟರ್ ದೂರದಲ್ಲಿ. ಆರಾಮಾಗಿ ತಲುಪುತ್ತದೆ. ಮಿನ್ಮಸ್ ಇರುವುದು 47,000 ಕಿಲೋಮೀಟರ್ ದೂರದಲ್ಲಿ. ಅಲ್ಲಿಗೆ ಮುಟ್ಟುವುದಿಲ್ಲ.

ಈಗ ಏನು ಮಾಡಬಹುದು? ಪ್ರೋಬ್‌ಗೆ ದೊಡ್ಡ ಆಂಟೆನಾ ಹಾಕಬಹುದು. ಇಲ್ಲವೇ ನೆಲದ ಟ್ರ್ಯಾಕಿಂಗ್ ಸ್ಟೇಷನ್‌ಗೆ ಹಣ ಸುರಿದು ಎರಡನೇ ಹಂತಕ್ಕೆ ಏರಿಸಬಹುದು. ಆಗ ಅದರ ಅಂಕಿ 5,000 ಕೋಟಿಯಾಗುತ್ತದೆ. ಅದೇ ಕಡ್ಡಿ ಆಂಟೆನಾ ಈಗ 1,58,000 ಕಿಲೋಮೀಟರ್ ದೂರದಿಂದಲೂ ಕೇಳಿಸುತ್ತದೆ. ಮೂರನೇ ಹಂತದಲ್ಲಿ 25,000 ಕೋಟಿ. ಈ ಎರಡನೇ ದಾರಿ ನನಗೆ ಹೆಚ್ಚು ಇಷ್ಟ. ಒಮ್ಮೆ ನೆಲದಲ್ಲಿ ಖರ್ಚು ಮಾಡಿದರೆ ಆಮೇಲೆ ಹಾರುವ ಪ್ರತಿ ಪ್ರೋಬ್‌ಗೂ ಅದರ ಲಾಭ ಸಿಗುತ್ತದೆ, ಅವುಗಳ ತೂಕ ಒಂದು ಗ್ರಾಂ ಕೂಡ ಏರುವುದಿಲ್ಲ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೋ 32 ಮೀಟರ್ ಅಗಲದ ದೊಡ್ಡ ಡಿಶ್ ಕಟ್ಟಿದ್ದರ ಹಿಂದೆಯೂ ಇದೇ ತರ್ಕ ಇದೆ. 2008ರಲ್ಲಿ ಚಂದ್ರಯಾನ-1ಕ್ಕೆ ಸಿದ್ಧವಾದ ಆ ಡಿಶ್ ಮುಂದೆ ಮಂಗಳಯಾನಕ್ಕೂ ಕಿವಿಯಾಯಿತು.

ಡ್ಯೂನಾದ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಡಿಟಿಎಸ್-ಎಂ1 ಎಂಬ ಮಡಚುವ ಡಿಶ್‌ನ ಅಂಕಿ 200 ಕೋಟಿ. ಮೂರನೇ ಹಂತದ ಸ್ಟೇಷನ್ ಜೊತೆ ಅದು ಸುಮಾರು 2.2 ಕೋಟಿ ಕಿಲೋಮೀಟರ್ ತಲುಪುತ್ತದೆ. ಕರ್ಬಿನ್ ಮತ್ತು ಡ್ಯೂನಾ ಸೂರ್ಯನ ಒಂದೇ ಬದಿಯಲ್ಲಿದ್ದಾಗ ಅವುಗಳ ನಡುವಿನ ದೂರ 70 ಲಕ್ಷ ಕಿಲೋಮೀಟರ್ ಆಸುಪಾಸು. ಆಗ ಎಲ್ಲ ಚೆನ್ನಾಗಿರುತ್ತದೆ. ಕೆಲವು ತಿಂಗಳು ಕಳೆದು ಅವು ಎದುರುಬದುರು ಬದಿಗೆ ಹೋದಾಗ ದೂರ 3.4 ಕೋಟಿ ದಾಟುತ್ತದೆ. ಪ್ರೋಬ್ ಕದಲದೆ ಅಲ್ಲೇ ಇದೆ, ಯಾವ ಭಾಗವೂ ಕೆಟ್ಟಿಲ್ಲ, ಆದರೂ ಒಂದು ದಿನ ಮಾತು ನಿಲ್ಲಿಸುತ್ತದೆ. ಹೊಸಬರಿಗೆ ಇದು ಆಟದ ದೋಷದಂತೆ ಕಾಣುತ್ತದೆ. ಗ್ರಹಗಳು ಓಡುತ್ತಿವೆ, ಅಷ್ಟೇ. ಆಂಟೆನಾ ಆರಿಸುವಾಗ ಅತಿ ದೂರದ ದಿನವನ್ನೇ ನೆನಪಲ್ಲಿ ಇಟ್ಟುಕೊಳ್ಳಬೇಕು.

ಸಿಗ್ನಲ್ ಬಲ ದೂರದ ಜೊತೆ ಸಮನಾಗಿ ಇಳಿಯುವುದಿಲ್ಲ ಎಂಬುದನ್ನೂ ಗಮನಿಸಿ. ಗರಿಷ್ಠ ದೂರದ ಕಾಲು ಭಾಗ ಹೋದಾಗ 84 ಶೇಕಡಾ ಉಳಿದಿರುತ್ತದೆ. ಅರ್ಧ ಹೋದಾಗ 50. ಮುಕ್ಕಾಲು ಭಾಗ ಹೋದಾಗ 16ಕ್ಕೆ ಕುಸಿದಿರುತ್ತದೆ.

ಪ್ರತಿ ಪ್ರೋಬ್ ಕೋರ್‌ನ ಒಳಗೇ 5,000 ಅಂಕಿಯ ಒಂದು ಪುಟ್ಟ ಆಂಟೆನಾ ಇರುತ್ತದೆ. ಮೊದಲ ಹಂತದ ಸ್ಟೇಷನ್ ಜೊತೆ ಅದು 3,000 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ದೂರ ಕೆಲಸ ಮಾಡುತ್ತದೆ. ಇದರಿಂದ ನೌಕೆಗೆ ಆಜ್ಞೆ ಕೊಡಬಹುದು, ಆದರೆ ವಿಜ್ಞಾನದ ಮಾಹಿತಿ ಕಳಿಸಲು ಆಗದು. ಇದನ್ನು ನಂಬಿಕೊಂಡು ದೊಡ್ಡ ಡಿಶ್ ಮಡಚಿಟ್ಟೇ ದೂರ ಹೋದರೆ ಕಷ್ಟ. ಡಿಶ್ ಬಿಡಿಸು ಎಂಬ ಆಜ್ಞೆಯೇ ತಲುಪದೇ ಹೋಗಬಹುದು. ವಾತಾವರಣ ದಾಟಿದ ಕೂಡಲೇ ಆಂಟೆನಾ ಬಿಡಿಸುವ ಅಭ್ಯಾಸ ಒಳ್ಳೆಯದು. ಅದಕ್ಕೂ ಮೊದಲು ಬಿಡಿಸಿದರೆ ಗಾಳಿಯ ಹೊಡೆತಕ್ಕೆ ಮುರಿಯುತ್ತದೆ. ನಿಜದ ಬಾಹ್ಯಾಕಾಶದಲ್ಲೂ ಆಂಟೆನಾ ಬಿಚ್ಚಿಕೊಳ್ಳದೇ ಹೋದದ್ದಿದೆ. ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೋ ನೌಕೆಯ ಕೊಡೆಯಂಥ ದೊಡ್ಡ ಆಂಟೆನಾ 1991ರಲ್ಲಿ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಉಳಿದ ಯಾನವನ್ನು ಚಿಕ್ಕ ಆಂಟೆನಾದಲ್ಲೇ ನಡೆಸಬೇಕಾಯಿತು. ಮಾಹಿತಿಯನ್ನು ಹಿಂಡಿ ಹಿಂಡಿ ಚಿಕ್ಕದಾಗಿಸಿ ಕಳಿಸುವ ದಾರಿಗಳನ್ನು ಎಂಜಿನಿಯರ್‌ಗಳು ಕಂಡುಕೊಂಡರು.

ಅಡ್ಡ ಬಂದಾಗ ರಿಲೇ

ದೂರದ ತೊಂದರೆಗೆ ದೊಡ್ಡ ಆಂಟೆನಾ ಪರಿಹಾರ. ಗ್ರಹವೇ ಅಡ್ಡ ನಿಂತರೆ ಎಷ್ಟು ದೊಡ್ಡ ಆಂಟೆನಾ ಇದ್ದರೂ ಪ್ರಯೋಜನವಿಲ್ಲ.

ಕರ್ಬಿನ್ ಸುತ್ತ 100 ಕಿಲೋಮೀಟರ್ ಎತ್ತರದಲ್ಲಿ ಒಂದು ಪ್ರೋಬ್ ಸುತ್ತುತ್ತಿದೆ ಎಂದುಕೊಳ್ಳಿ. ನೆಲದಲ್ಲಿ ಇರುವುದು ಉಡಾವಣಾ ಕೇಂದ್ರದ ಒಂದೇ ಸ್ಟೇಷನ್. ಆ ಸ್ಟೇಷನ್‌ನ ದಿಗಂತದ ಮೇಲೆ ಪ್ರೋಬ್ ಕಾಣುವುದು ಸುತ್ತಿನ ಆರರಲ್ಲಿ ಒಂದು ಪಾಲು ಮಾತ್ರ. ಒಂದು ಸುತ್ತಿಗೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಅದರಲ್ಲಿ ಐದಾರು ನಿಮಿಷ ಮಾತು, ಉಳಿದದ್ದೆಲ್ಲ ಮೌನ. ರಾಕೆಟ್ ಪೂರ್ವಕ್ಕೆ ಹಾರುವುದರಿಂದ ಇನ್ನೊಂದು ಫಜೀತಿಯೂ ಇದೆ. ಕಕ್ಷೆಯನ್ನು ಗುಂಡಗೆ ಮಾಡುವ ಕೊನೆಯ ಉರಿತದ ಹೊತ್ತಿಗೆ ನೌಕೆ ಸ್ಟೇಷನ್‌ನ ದಿಗಂತದಾಚೆ ಇಳಿದಿರಬಹುದು. ಆಟದ ಸೆಟ್ಟಿಂಗ್‌ನಲ್ಲಿ ಕರ್ಬಿನ್ ಮೇಲೆ ಹೆಚ್ಚುವರಿ ನೆಲದ ಕೇಂದ್ರಗಳನ್ನು ಇಟ್ಟುಕೊಳ್ಳುವ ಅವಕಾಶ ಇದೆ. ಅದನ್ನು ಆರಿಸಿಕೊಂಡರೆ ಈ ತೊಂದರೆ ಬಹುಪಾಲು ಹೋಗುತ್ತದೆ. ನಾಸಾ ಕೂಡ ಇದೇ ಕಾರಣಕ್ಕೆ ತನ್ನ ದೊಡ್ಡ ಡಿಶ್‌ಗಳನ್ನು ಅಮೆರಿಕದ ಗೋಲ್ಡ್‌ಸ್ಟೋನ್, ಸ್ಪೇನ್‌ನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಎಂದು ಮೂರು ಕಡೆ ಹಂಚಿ ಇಟ್ಟಿದೆ. ಭೂಮಿ ಹೇಗೆ ತಿರುಗಿದರೂ ಒಂದಲ್ಲ ಒಂದು ಡಿಶ್ ನೌಕೆಯತ್ತ ಮುಖ ಮಾಡಿರುತ್ತದೆ.

ಮುನ್‌ನ ಹಿಂಬದಿಗೆ ಮಾತ್ರ ಕರ್ಬಿನ್‌ನ ಯಾವ ಕೇಂದ್ರವೂ ಕಾಣುವುದಿಲ್ಲ. ನಮ್ಮ ಚಂದ್ರನಂತೆ ಮುನ್ ಕೂಡ ಸದಾ ಒಂದೇ ಮುಖ ತೋರಿಸುತ್ತದೆ. ಹಿಂಬದಿಯಲ್ಲಿ ಇಳಿದ ಪ್ರೋಬ್‌ಗೆ ನೇರ ಸಂಪರ್ಕ ಎಂದೂ ಸಿಗದು. ಮಧ್ಯೆ ನಿಂತು ಮಾತು ದಾಟಿಸುವ ರಿಲೇ ಉಪಗ್ರಹ ಬೇಕು. ಚೀನಾ ಮಾಡಿದ್ದು ಇದನ್ನೇ. ಚಾಂಗ್-ಅ 4 ನೌಕೆ 2019ರ ಜನವರಿ 3ರಂದು ಚಂದ್ರನ ಹಿಂಬದಿಯಲ್ಲಿ ಇಳಿಯಿತು. ಅದಕ್ಕೂ ಮೊದಲೇ, 2018ರ ಮೇ ತಿಂಗಳಲ್ಲಿ, ಕ್ವೆಚಿಯಾವ್ ಎಂಬ ರಿಲೇ ಉಪಗ್ರಹ ಹಾರಿತ್ತು. ಚಂದ್ರನ ಆಚೆ, ಭೂಮಿಯೂ ಹಿಂಬದಿಯೂ ಎರಡೂ ಕಾಣುವ ಜಾಗದಲ್ಲಿ ಅದು ಸುತ್ತುತ್ತಿತ್ತು. ಮೊದಲು ದಾರಿ, ಆಮೇಲೆ ಪ್ರಯಾಣಿಕ.

ಆಟದಲ್ಲಿ ಇಲ್ಲೊಂದು ಗೊಂದಲ ಬಹಳ ಜನರನ್ನು ಸಿಕ್ಕಿಸುತ್ತದೆ. ಆಂಟೆನಾಗಳಲ್ಲಿ ಎರಡು ಜಾತಿ. ನೇರ ಆಂಟೆನಾ ತನ್ನ ನೌಕೆಯ ಮಾತನ್ನು ಮಾತ್ರ ಆಡುತ್ತದೆ. ರಿಲೇ ಆಂಟೆನಾ ಬೇರೆಯವರ ಮಾತನ್ನೂ ದಾಟಿಸುತ್ತದೆ. ಕಮ್ಯುನೋಟ್ರಾನ್ 16, ಡಿಟಿಎಸ್-ಎಂ1 ಇವೆಲ್ಲ ನೇರ ಜಾತಿ. ಎಚ್‌ಜಿ-5, ಆರ್‌ಎ-2, ಆರ್‌ಎ-15, ಆರ್‌ಎ-100 ರಿಲೇ ಜಾತಿ. ರಿಲೇ ಉಪಗ್ರಹಕ್ಕೆ ನೇರ ಆಂಟೆನಾ ಹಾಕಿ ಕಳಿಸಿದರೆ ಅದು ತಾನೊಬ್ಬನೇ ಹರಟುತ್ತದೆ, ಪಕ್ಕದ ರೋವರ್‌ಗೆ ಅದರಿಂದ ಏನೂ ಉಪಯೋಗವಿಲ್ಲ.

ಸರಿಯಾದ ರಿಲೇ ಇದ್ದರೆ ಸಿಗುವ ಲಾಭ ದೊಡ್ಡದು. ಆರ್‌ಎ-2 ಹೊತ್ತ ಉಪಗ್ರಹ ಮುನ್ ಸುತ್ತ ಇದೆ ಎಂದುಕೊಳ್ಳಿ. ಅದರ ಅಂಕಿ 200 ಕೋಟಿ, ಅಂದರೆ ಮೊದಲ ಹಂತದ ನೆಲದ ಸ್ಟೇಷನ್‌ಗೆ ಸಮ. ಕೆಳಗಿರುವ ರೋವರ್‌ಗೆ ಹೊರಗಿನ ಆಂಟೆನಾ ಇಲ್ಲದಿದ್ದರೂ, ಒಳಗಿನ ಪುಟ್ಟ ಆಂಟೆನಾದಿಂದಲೇ ಆ ಉಪಗ್ರಹದ ಮೂಲಕ ಆಜ್ಞೆ ಪಡೆಯುತ್ತದೆ. ಭಾರವನ್ನೆಲ್ಲ ರಿಲೇ ಹೊತ್ತುಕೊಂಡರೆ ಇಳಿಯುವ ನೌಕೆ ಹಗುರಾಗುತ್ತದೆ. ಪ್ರಜ್ಞಾನ್ ರೋವರ್ ಚಂದ್ರನ ಮೇಲೆ ಓಡಾಡುವಾಗ ವಿಕ್ರಮ್ ಲ್ಯಾಂಡರ್ ಜೊತೆ ಮಾತ್ರ ಮಾತಾಡುತ್ತಿದ್ದದ್ದೂ ಇದಕ್ಕೇ. ಭೂಮಿಗೆ ಮಾತು ಮುಟ್ಟಿಸುವ ಹೊಣೆ ವಿಕ್ರಮ್‌ನದು.

ಮೂರು ಉಪಗ್ರಹ, ಒಂದು ರಾಕೆಟ್

ಕರ್ಬಿನ್ ಸುತ್ತ ಸಮ ಅಂತರದಲ್ಲಿ ಮೂರು ರಿಲೇಗಳನ್ನು ಇಟ್ಟರೆ ಸಮಭಾಜಕದ ಸುತ್ತ ಎಲ್ಲೂ ಸಂಪರ್ಕ ಕಡಿಯುವುದಿಲ್ಲ. ಮೂರು ಉಪಗ್ರಹಗಳಿಂದ ಭೂಮಿಯನ್ನೆಲ್ಲ ಆವರಿಸಬಹುದು ಎಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ ಬರೆದಿದ್ದರು. ಆಟದಲ್ಲಿ ಅದನ್ನು ಕೈಯಾರೆ ಮಾಡುವಾಗ ಆಗುವ ಖುಷಿಯೇ ಬೇರೆ.

ಎಷ್ಟು ಎತ್ತರ ಬೇಕು? ಒಂದು ಉಪಗ್ರಹದಿಂದ ಪಕ್ಕದ ಉಪಗ್ರಹಕ್ಕೆ ಎಳೆದ ಗೆರೆ ಗ್ರಹಕ್ಕೆ ತಾಗಬಾರದು. ಮೂರು ಉಪಗ್ರಹ ಇದ್ದಾಗ ಈ ಗೆರೆಗಳು ಸಮಬಾಹು ತ್ರಿಭುಜವಾಗುತ್ತವೆ. ಗ್ರಹ ಅದರೊಳಗೆ ಕೂರಬೇಕು. ಲೆಕ್ಕ ಹಾಕಿದರೆ ಕಕ್ಷೆಯ ತ್ರಿಜ್ಯ ಗ್ರಹದ ತ್ರಿಜ್ಯದ ಎರಡರಷ್ಟು ಬರುತ್ತದೆ. ಕರ್ಬಿನ್‌ಗೆ ಅದು 1,200 ಕಿಲೋಮೀಟರ್, ಅಂದರೆ ನೆಲದಿಂದ 600 ಕಿಲೋಮೀಟರ್ ಎತ್ತರ. ಇದು ಕನಿಷ್ಠ. ಆಟ ಅಡ್ಡ ಬರುವ ಗ್ರಹವನ್ನು ಸ್ವಲ್ಪ ಚಿಕ್ಕದಾಗಿ ಎಣಿಸಿ ನಮಗೆ ರಿಯಾಯಿತಿ ಕೊಡುತ್ತದೆ, ಆದರೂ ಅಂಚಿನಲ್ಲಿ ನಿಲ್ಲುವುದಕ್ಕಿಂತ ಮೇಲೆ ಹೋಗುವುದೇ ಮೇಲು.

ಬಹಳ ಜನ ಆರಿಸುವುದು 2,863 ಕಿಲೋಮೀಟರ್ ಎತ್ತರ. ಅಲ್ಲಿ ಒಂದು ಸುತ್ತಿಗೆ ಸುಮಾರು ಆರು ಗಂಟೆ. ಕರ್ಬಿನ್ ತನ್ನ ಸುತ್ತ ತಿರುಗಲೂ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ಹಾಗಾಗಿ ಉಪಗ್ರಹ ಒಂದೇ ಜಾಗದ ಮೇಲೆ ನಿಂತಂತೆ ಕಾಣುತ್ತದೆ. ಭೂಮಿಗೆ ಇದೇ ಎತ್ತರ 35,786 ಕಿಲೋಮೀಟರ್. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಕಾಯುವ ಉಪಗ್ರಹಗಳು ಇರುವುದು ಅಲ್ಲೇ.

ಮೂರಕ್ಕೂ ಬೇರೆ ಬೇರೆ ರಾಕೆಟ್ ಬೇಕಿಲ್ಲ. ಒಂದೇ ತಾಯಿ ನೌಕೆಯಲ್ಲಿ ಮೂರನ್ನೂ ಒಯ್ಯಬಹುದು. ಇಲ್ಲಿರುವ ಉಪಾಯ ನನಗೆ ಇಡೀ ಆಟದಲ್ಲೇ ಅತಿ ಅಚ್ಚುಮೆಚ್ಚು. ತಾಯಿ ನೌಕೆಯನ್ನು ನಾಲ್ಕು ಗಂಟೆಗೆ ಒಂದು ಸುತ್ತು ಬರುವ ಮೊಟ್ಟೆಯಾಕಾರದ ಕಕ್ಷೆಗೆ ಸೇರಿಸಿ. ಅದರ ಎತ್ತರದ ತುದಿ 2,863 ಕಿಲೋಮೀಟರ್‌ನಲ್ಲಿ ಇರಲಿ. ಕೆಳಗಿನ ತುದಿ ಸುಮಾರು 1,220ರಲ್ಲಿ ಬರುತ್ತದೆ. ಮೇಲಿನ ತುದಿಗೆ ಬಂದಾಗ ಮೊದಲ ಉಪಗ್ರಹವನ್ನು ಬಿಡಿ. ಅದು ತನ್ನ ಎಂಜಿನ್ ಉರಿಸಿ ಕಕ್ಷೆಯನ್ನು ಗುಂಡಗೆ ಮಾಡಿಕೊಳ್ಳಲಿ. ತಾಯಿ ನೌಕೆ ಒಂದು ಸುತ್ತು ಹೋಗಿ ನಾಲ್ಕು ಗಂಟೆಯ ಮೇಲೆ ಅದೇ ತುದಿಗೆ ಬರುತ್ತದೆ. ಅಷ್ಟರಲ್ಲಿ ಮೊದಲ ಉಪಗ್ರಹ ಆರು ಗಂಟೆಯ ಸುತ್ತಿನಲ್ಲಿ ಮೂರನೇ ಎರಡು ಭಾಗ ಮುಗಿಸಿರುತ್ತದೆ. ಅಂದರೆ ಈಗ ಬಿಡುವ ಎರಡನೇ ಉಪಗ್ರಹಕ್ಕೂ ಅದಕ್ಕೂ ಸರಿಯಾಗಿ ಮೂರನೇ ಒಂದು ಸುತ್ತಿನ ಅಂತರ. ಮತ್ತೆ ನಾಲ್ಕು ಗಂಟೆ ಬಿಟ್ಟು ಮೂರನೆಯದನ್ನು ಬಿಟ್ಟರೆ ತ್ರಿಭುಜ ಪೂರ್ತಿ. ಕೋನ ಅಳೆಯುವ ಕೆಲಸವನ್ನು ಗಡಿಯಾರವೇ ಮಾಡಿಕೊಟ್ಟಿತು.

ಇದಾದ ಮೇಲೆ ಒಂದು ಎಚ್ಚರ. ಮೂರರ ಎತ್ತರವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ ಆಗಬೇಕೆಂದು ಒದ್ದಾಡಬೇಡಿ. ಮೂರರ ಸುತ್ತಿನ ಸಮಯ ಒಂದೇ ಇರಲಿ. ಒಂದರ ಸಮಯ ಹತ್ತು ಸೆಕೆಂಡ್ ಹೆಚ್ಚಿದ್ದರೂ ಪ್ರತಿ ಸುತ್ತಿಗೆ ಅದು ಸ್ವಲ್ಪ ಹಿಂದೆ ಬೀಳುತ್ತದೆ. ಆಟದಲ್ಲಿ ವರ್ಷಗಳು ಬೇಗ ಉರುಳುತ್ತವೆ, ತ್ರಿಭುಜ ಮೆಲ್ಲಗೆ ಕುಸಿಯುತ್ತದೆ. ಎಂಜಿನ್‌ನ ಬಲವನ್ನು ತೀರಾ ಕಡಿಮೆ ಮಾಡಿ ಕೊನೆಯ ಸೆಕೆಂಡ್‌ಗಳನ್ನು ಸರಿಹೊಂದಿಸಬೇಕು.

ಚಂದ್ರನ ಮರೆಯಲ್ಲಿ ಬ್ರೇಕ್

ಈಗ ಮೊದಲು ಹೇಳಿದ ಪ್ರೋಬ್‌ನ ತೊಂದರೆ ಅರ್ಥವಾಗುತ್ತದೆ. ಕರ್ಬಿನ್‌ನಿಂದ ಮುನ್‌ಗೆ ಹೋಗುವ ಸಾಮಾನ್ಯ ದಾರಿಯಲ್ಲಿ ನೌಕೆ ಚಂದ್ರನಿಗೆ ಅತಿ ಹತ್ತಿರ ಬರುವುದು ಅದರ ಹಿಂಬದಿಯಲ್ಲಿ. ಅಲ್ಲೇ ವೇಗ ತಗ್ಗಿಸಿ ಕಕ್ಷೆ ಸೇರಬೇಕು. ಸಿಗ್ನಲ್ ತೀರಾ ಬೇಕಾದ ಜಾಗದಲ್ಲೇ ಸಿಗ್ನಲ್ ಇಲ್ಲ.

ಆಟದ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಸಂಪರ್ಕ ಕಡಿದರೂ ಸ್ವಲ್ಪ ಹಿಡಿತ ಉಳಿಯುತ್ತದೆ. ಎಂಜಿನ್ ಪೂರ್ತಿ ಉರಿಸಬಹುದು ಇಲ್ಲವೇ ಪೂರ್ತಿ ಆರಿಸಬಹುದು, ನಡುವಿನ ಹಂತಗಳಿಲ್ಲ. ಕಕ್ಷೆ ಬದಲಿಸುವ ಹೊಸ ಯೋಜನೆ ಗುರುತು ಹಾಕಲೂ ಆಗುವುದಿಲ್ಲ. ಹಾಗಾಗಿ ಸಿಗ್ನಲ್ ಇರುವಾಗಲೇ ಲೆಕ್ಕ ಮುಗಿಸಿ, ಎಷ್ಟು ಸೆಕೆಂಡ್ ಉರಿಸಬೇಕೆಂದು ಬರೆದಿಟ್ಟುಕೊಂಡು, ಚಲನೆಯ ವಿರುದ್ಧ ದಿಕ್ಕು ಹಿಡಿಯುವಂತೆ ಕೋರ್‌ಗೆ ಹೇಳಿಟ್ಟಿರಬೇಕು. ಹೆಕ್ಸ್ ಕೋರ್‌ನ ಆ ಗುಣ ಈಗ ಉಪಯೋಗಕ್ಕೆ ಬರುತ್ತದೆ. ಆಜ್ಞೆಗೆ ಸಿಗ್ನಲ್ ಕಡ್ಡಾಯ ಎಂಬ ಕಠಿಣ ಆಯ್ಕೆಯೂ ಸೆಟ್ಟಿಂಗ್‌ನಲ್ಲಿದೆ. ಅದನ್ನು ಆರಿಸಿದರೆ ಈ ಅಲ್ಪ ಹಿಡಿತವೂ ಇಲ್ಲ. ಆಗ ರಿಲೇ ಮೊದಲೇ ಅಲ್ಲಿರಬೇಕು.

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಎದುರಿಸಿದ್ದು ಇದೇ ಪರಿಸ್ಥಿತಿಯನ್ನು, ಇನ್ನೂ ಕಠಿಣ ರೂಪದಲ್ಲಿ. ಎಂಜಿನ್ ಸುಮಾರು 24 ನಿಮಿಷ ಉರಿಯಬೇಕಿತ್ತು. ಅದರ ಮಧ್ಯೆ ನೌಕೆ ಮಂಗಳದ ಮರೆಗೆ ಹೋಗಲಿತ್ತು. ಮರೆ ಇಲ್ಲದಿದ್ದರೂ ರೇಡಿಯೋ ಮಾತು ಒಂದು ಕಡೆಗೆ ತಲುಪಲು ಸುಮಾರು ಹನ್ನೆರಡೂವರೆ ನಿಮಿಷ ಬೇಕಿತ್ತು. ಏನಾದರೂ ಎಡವಟ್ಟಾದರೆ ಬೆಂಗಳೂರಿಗೆ ಸುದ್ದಿ ಬಂದು, ಉತ್ತರ ಮರಳಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಹಾಗಾಗಿ ಯಾವ ಕ್ಷಣಕ್ಕೆ ಏನು ಮಾಡಬೇಕೆಂಬ ಆಜ್ಞೆಗಳನ್ನು ದಿನಗಳ ಮೊದಲೇ ನೌಕೆಯ ಕಂಪ್ಯೂಟರ್‌ಗೆ ತುಂಬಿಟ್ಟಿದ್ದರು. ತಿಂಗಳುಗಟ್ಟಲೆ ಮಲಗಿದ್ದ ಎಂಜಿನ್ ಏಳುತ್ತದೋ ಇಲ್ಲವೋ ಎಂದು ಸೆಪ್ಟೆಂಬರ್ 22ರಂದು ನಾಲ್ಕು ಸೆಕೆಂಡ್ ಉರಿಸಿ ನೋಡಿದ್ದರು. ಆ ಬೆಳಿಗ್ಗೆ ನಿಯಂತ್ರಣ ಕೊಠಡಿಯಲ್ಲಿ ಕೂತವರು ನೌಕೆಯನ್ನು ಓಡಿಸುತ್ತಿರಲಿಲ್ಲ, ಅದು ಕಳಿಸುವ ಸುದ್ದಿಗೆ ಕಾಯುತ್ತಿದ್ದರು. ಮುನ್‌ನ ಮರೆಯಲ್ಲಿ ಒಮ್ಮೆ ಸ್ಟಾಪ್‌ವಾಚ್ ಹಿಡಿದು ಎಂಜಿನ್ ಉರಿಸಿದವರಿಗೆ ಆ ಕಾಯುವಿಕೆ ಎಂಥದ್ದೆಂದು ಸ್ವಲ್ಪವಾದರೂ ತಿಳಿಯುತ್ತದೆ.

ಬೆಳಕಿಗೂ ಹೊತ್ತು ಬೇಕು

ಮೂಲ ಆಟದಲ್ಲಿ ಈ ತಡ ಇಲ್ಲ. ಸಿಗ್ನಲ್ ಇದ್ದರೆ ಆಜ್ಞೆ ಆ ಕ್ಷಣವೇ ತಲುಪುತ್ತದೆ, ಜೂಲ್‌ನಲ್ಲಿದ್ದರೂ ಅಷ್ಟೇ. ಇದು ಆಟವನ್ನು ಆಟವಾಗಿ ಉಳಿಸಲು ಮಾಡಿದ ರಾಜಿ, ಅದರಲ್ಲಿ ತಪ್ಪಿಲ್ಲ. ನಿಜದ ರುಚಿ ಬೇಕು ಎನ್ನುವವರಿಗೆ ರಿಮೋಟ್‌ಟೆಕ್ ಎಂಬ ಮಾಡ್, ಅಂದರೆ ಮೂಲ ಆಟಕ್ಕೆ ಹೊರಗಿನಿಂದ ಸೇರಿಸಿಕೊಳ್ಳುವ ತುಣುಕು, ಇದೆ. ಕಾಮ್‌ನೆಟ್ ಬರುವುದಕ್ಕೆ ಎಷ್ಟೋ ಮೊದಲೇ ಆಟಗಾರರು ಮಾಡಿಕೊಂಡ ವ್ಯವಸ್ಥೆ ಅದು. ಅದರಲ್ಲಿ ಡಿಶ್ ಎತ್ತ ಮುಖ ಮಾಡಬೇಕೆಂದು ನಾವೇ ಹೇಳಬೇಕು. ಆಜ್ಞೆ ಬೆಳಕಿನ ವೇಗದಲ್ಲಿ ಮಾತ್ರ ಸಾಗುತ್ತದೆ.

ಮುನ್‌ಗೆ ಈ ತಡ ಸೆಕೆಂಡಿನ 25ರಲ್ಲಿ ಒಂದು ಪಾಲು. ಗೊತ್ತೇ ಆಗುವುದಿಲ್ಲ. ಡ್ಯೂನಾಗೆ ಹತ್ತಿರವಿದ್ದಾಗ ಇಪ್ಪತ್ತು ಚಿಲ್ಲರೆ ಸೆಕೆಂಡ್, ದೂರವಿದ್ದಾಗ ಸುಮಾರು ಎರಡು ನಿಮಿಷ. ನಿಜದ ಮಂಗಳಕ್ಕೆ 3ರಿಂದ 22 ನಿಮಿಷ. ಎರಡು ನಿಮಿಷದ ತಡದಲ್ಲೇ ಕೈಯಿಂದ ಲ್ಯಾಂಡಿಂಗ್ ಮಾಡುವ ಆಸೆ ಬಿಡಬೇಕಾಗುತ್ತದೆ. ನೀವು ನೆಲ ನೋಡಿ ಎಂಜಿನ್ ಉರಿಸುವ ಹೊತ್ತಿಗೆ ಪ್ರೋಬ್ ಆ ನೆಲಕ್ಕೆ ಬಡಿದು ಎರಡು ನಿಮಿಷ ಆಗಿರುತ್ತದೆ.

ಸಣ್ಣ ತಡವೂ ಎಷ್ಟು ಕಾಡುತ್ತದೆ ಎನ್ನಲು ಲುನೋಖೋದ್ 1 ಸಾಕ್ಷಿ. 1970ರ ನವೆಂಬರ್ 17ರಂದು ಚಂದ್ರನ ಮೇಲೆ ಇಳಿದ ಈ ಸೋವಿಯತ್ ಗಾಡಿಯನ್ನು ಕ್ರಿಮಿಯಾದಿಂದ ಐದು ಜನರ ತಂಡ ಓಡಿಸುತ್ತಿತ್ತು. ಒಬ್ಬ ಚಾಲಕ, ಒಬ್ಬ ದಾರಿ ನೋಡುವವ, ಒಬ್ಬ ಎಂಜಿನಿಯರ್, ಒಬ್ಬ ತಂಡದ ಮುಖ್ಯಸ್ಥ. ಐದನೆಯವನ ಕೆಲಸವೇ ಆಂಟೆನಾವನ್ನು ಭೂಮಿಯತ್ತ ತಿರುಗಿಸಿ ಇಡುವುದು. ಮಾತು ಹೋಗಿ ಬರಲು ಎರಡೂವರೆ ಸೆಕೆಂಡ್ ಚಿಲ್ಲರೆ. ಅದರ ಮೇಲೆ ಚಿತ್ರಗಳೂ ನಿಧಾನವಾಗಿ ಬಿಡಿಬಿಡಿಯಾಗಿ ಬರುತ್ತಿದ್ದವು. ಚಾಲಕ ನೋಡುತ್ತಿದ್ದದ್ದು ಗಾಡಿ ಆಗಲೇ ದಾಟಿಬಂದ ಜಾಗವನ್ನು. ಹಾಗಿದ್ದೂ ಅವರು ಅದನ್ನು ಹತ್ತು ಕಿಲೋಮೀಟರ್‌ಗೂ ಜಾಸ್ತಿ ಓಡಿಸಿದರು.

ತಡ ನಿಮಿಷಗಳಿಗೆ ಏರಿದ ಮೇಲೆ ಇರುವ ದಾರಿ ಒಂದೇ. ನಿರ್ಧಾರವನ್ನು ನೌಕೆಗೇ ಬಿಡುವುದು. ರಿಮೋಟ್‌ಟೆಕ್‌ನಲ್ಲಿ ಫ್ಲೈಟ್ ಕಂಪ್ಯೂಟರ್ ಇದೆ. ಇಂಥ ಹೊತ್ತಿಗೆ ಇಂಥ ದಿಕ್ಕಿಗೆ ತಿರುಗು, ಇಷ್ಟು ಹೊತ್ತು ಉರಿಸು ಎಂದು ಆಜ್ಞೆಗಳನ್ನು ಸಾಲಾಗಿ ಇಡಬಹುದು. ಸಂಪರ್ಕ ಕಡಿದರೂ ಅವು ಹೊತ್ತಿಗೆ ಸರಿಯಾಗಿ ನಡೆಯುತ್ತವೆ. ಕಕ್ಷೆಯ ಕೆಲಸಕ್ಕೆ ಇದು ಸಾಕು. ಲ್ಯಾಂಡಿಂಗ್‌ಗೆ ಸಾಲದು, ಯಾಕೆಂದರೆ ನೆಲ ಎಷ್ಟು ಎತ್ತರದಲ್ಲಿ ಸಿಗುತ್ತದೆ ಎಂಬುದು ಮೊದಲೇ ಖಚಿತವಿರುವುದಿಲ್ಲ. ಅಲ್ಲಿ ಕೆಓಎಸ್ ಎಂಬ ಇನ್ನೊಂದು ಮಾಡ್ ಬೇಕು. ಅದರಲ್ಲಿ ನೌಕೆಗೆ ಪ್ರೋಗ್ರಾಂ ಬರೆಯಬಹುದು. ಎತ್ತರ ಇಷ್ಟಿದ್ದು ವೇಗ ಇಷ್ಟಿದ್ದರೆ ಎಂಜಿನ್ ಇಷ್ಟು ಉರಿಸು, ಕಾಲು ನೆಲಕ್ಕೆ ತಾಗಿದ ಕೂಡಲೇ ಆರಿಸು, ಹೀಗೆ. ನೌಕೆ ನೋಡುತ್ತಾ, ಲೆಕ್ಕ ಹಾಕುತ್ತಾ ಇಳಿಯುತ್ತದೆ. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಇಳಿದದ್ದು ಕೂಡ ಹೀಗೆ ತಾನೇ ನೋಡಿಕೊಂಡು. ಅದಕ್ಕೆ ಎರಡು ದಿನ ಮೊದಲು, 2019ರಿಂದ ಚಂದ್ರನನ್ನು ಸುತ್ತುತ್ತಿದ್ದ ಚಂದ್ರಯಾನ-2ರ ಆರ್ಬಿಟರ್ ಜೊತೆಗೂ ಅದರ ಸಂಪರ್ಕ ಕೂಡಿಸಿದ್ದರು. ಹಳೆಯ ನೌಕೆ ಹೊಸದಕ್ಕೆ ಇನ್ನೊಂದು ದಾರಿಯಾಯಿತು.

ಇದನ್ನೆಲ್ಲ ಒಟ್ಟಿಗೆ ಶುರುಮಾಡುವುದು ಬೇಡ. ಮೊದಲು ಹೆಚ್ಚುವರಿ ನೆಲದ ಕೇಂದ್ರಗಳನ್ನು ಇಟ್ಟುಕೊಂಡೇ ಮುನ್‌ಗೆ ಒಂದು ಪ್ರೋಬ್ ಕಳಿಸಿ. ಆಮೇಲೆ ಆ ಕೇಂದ್ರಗಳನ್ನು ತೆಗೆದು ಮೂರು ರಿಲೇಗಳ ತ್ರಿಭುಜ ಕಟ್ಟಿ. ಅದಾದ ಮೇಲೆ ಮುನ್‌ನ ಧ್ರುವಗಳ ಮೇಲೆ ಹಾದುಹೋಗುವ ಉದ್ದನೆಯ ಕಕ್ಷೆಗೆ ಆರ್‌ಎ-2 ಹೊತ್ತ ಒಂದು ಉಪಗ್ರಹ ಸೇರಿಸಿ. ಎತ್ತರದ ತುದಿಯಲ್ಲಿ ಅದು ನಿಧಾನವಾಗಿ ಚಲಿಸುವುದರಿಂದ ಹಿಂಬದಿಯ ರೋವರ್‌ಗೆ ಹೆಚ್ಚು ಹೊತ್ತು ಕಾಣುತ್ತದೆ. ಆಜ್ಞೆಗೆ ಸಿಗ್ನಲ್ ಕಡ್ಡಾಯ ಎಂಬ ಆಯ್ಕೆಯನ್ನು ಆಗ ಒತ್ತಿ. ರಿಮೋಟ್‌ಟೆಕ್ ಮತ್ತು ಕೆಓಎಸ್ ಡ್ಯೂನಾಗೆ ಹೊರಡುವ ದಿನಕ್ಕೆ ಇರಲಿ. ಲ್ಯಾಂಡಿಂಗ್ ಪ್ರೋಗ್ರಾಂ ಬರೆದರೆ ಮೊದಲು ಅದನ್ನು ಮುನ್ ಮೇಲೆ ಪರೀಕ್ಷಿಸಿ. ಅಲ್ಲಿ ಗಾಳಿ ಇಲ್ಲ, ತಡವೂ ಇಲ್ಲ, ಪ್ರೋಗ್ರಾಂ ಎಲ್ಲಿ ಎಡವಿತು ಎಂಬುದು ಕೂಡಲೇ ಗೊತ್ತಾಗುತ್ತದೆ.